ತೊಳೆಯಬಾರದಿದ್ದ ಚೂರು

"ಅಯ್ಯೋ, ಅದನ್ನ ತೊಳೀಬೇಡ್ರೀ!"

ಉತ್ಖನನದ ಉಸ್ತುವಾರಿಯವನ ಕೂಗಿಗೆ ಅವಳ ಕೈಯಲ್ಲಿದ್ದ ಬ್ರಷ್ ಬಕೆಟ್ಟಿಗೆ ಬಿತ್ತು. ಆದರೆ ಕಾಲ ಮಿಂಚಿತ್ತು... ಮಡಕೆ ಚೂರು ಫಳಫಳ ಹೊಳೆಯುತ್ತಿತ್ತು!

"ಒಳಗೆ ಅಂಟಿದ್ದ ಸೀದ ಕರಿ ಎಲ್ಲಿ? ಆ ಕಾಲದೋರು ಏನು ಬೇಯಿಸ್ತಿದ್ರು ಅಂತ ಅದ್ರಿಂದಾನೇ ಗೊತ್ತಾಗೋದು!"

"ಕೊಳೆ ಅಂದ್ಕೊಂಡೆ... ದಯವಿಟ್ಟು ಯಾರಿಗೂ ಹೇಳ್ಬೇಡಿ."

ಅವನು ಚೂರಿನ ಸಂಖ್ಯೆ ನೋಡಿಕೊಂಡು ಹೊರಟುಹೋದ.

ಕಲಿಯಲು ಬಂದ ಆರು ಜನರಲ್ಲಿ ಪ್ರಯೋಗಾಲಯದ ಕೆಲಸಕ್ಕೆ ಉಳಿಯುವುದು ಒಬ್ಬರೇ. ಅದು ತಪ್ಪಿದರೆ ಅಕ್ಕನ ಬಟ್ಟೆ ಅಂಗಡಿಯೇ ಗತಿ. ಮಣ್ಣಿನ ಹುಚ್ಚು ಹಿಡಿದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಮರುದಿನ ದಿನಚರಿ ಪುಸ್ತಕದಲ್ಲಿ ಅವನ ಅಕ್ಷರ: 'ಹದಿನಾಲ್ಕನೇ ಚೂರು. ಹೊಸ ಹುಡುಗಿ ತೊಳೆದಳು.'

ಅವಳು ಪುಸ್ತಕವನ್ನು ಪಟ್ಟನೆ ಮುಚ್ಚಿದಳು. 'ಚಾಡಿಕೋರ! ನನ್ನ ಅನ್ನಕ್ಕೇ ಕಲ್ಲು ಹಾಕಿದನಲ್ಲ!'

ಆಮೇಲೆ ಅವನು ಹತ್ತಿರ ಬಂದಾಗಲೆಲ್ಲ ಎದ್ದು ಹೋದಳು. ಕೋಪದಲ್ಲೇ ಮಣ್ಣು ಜರಡಿ ಹಿಡಿದಳು, ಪೊಟ್ಟಣ ಕಟ್ಟಿದಳು. ಆದರೂ ಕಣ್ಣು ಮಾತ್ರ ಅವನಿದ್ದ ಗುಂಡಿಯ ಕಡೆಗೇ ಓಡುತ್ತಿತ್ತು. ಕೂತರೆ ನಿಂತರೆ ಅವನದೇ ಯೋಚನೆ... ಪಾಪ, ಕೋಪವೋ ಇನ್ನೇನೋ ಅವಳಿಗೇ ತಿಳಿಯದು!

ತರಬೇತಿಯ ಕೊನೆಯ ದಿನ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕರೆದರು.

"ಆ ಚೂರಾದ್ಮೇಲೆ ನಿನ್ನ ಕೆಲಸದಲ್ಲಿ ಒಂದು ತಪ್ಪೂ ಇಲ್ಲ. ನೀನೇ ಉಳ್ಕೋ."

"ಚೂರಿನ ವಿಷಯ ಗೊತ್ತಿದ್ರೂನಾ?"

"ತೊಳೆದಿದ್ದನ್ನ ಅವನು ಬರೀದೇ ಇದ್ದಿದ್ರೆ ಚೂರಿನ ಪರೀಕ್ಷೆಯ ಫಲಿತಾಂಶಾನೇ ಸುಳ್ಳಾಗ್ತಿತ್ತು. ಪುಟ ಪೂರ್ತಿ ಓದಿದ್ಯಾ?"

ಓದಿರಲಿಲ್ಲ! ದಿನಚರಿ ಪುಸ್ತಕ ಎಳೆದುಕೊಂಡು ತೆರೆದಳು. ಮುಂದಿನ ಸಾಲು: 'ತೊಳೆಯಬಾರದೆಂಬ ಚೀಟಿ ಕಟ್ಟಬೇಕಿದ್ದವನು ನಾನು. ಮರೆತೆ. ತಪ್ಪು ನನ್ನದು.'

ಓಡೋಡಿ ಬಂದವಳು ಅವನ ಗುಂಡಿಯ ಅಂಚಿನಲ್ಲಿ ನಿಂತಳು.

"ಯಾಕ್ರೀ ಹೇಳ್ಲಿಲ್ಲ?"

"ಹೇಳೋಕೆ ಬಿಟ್ಟರೆ ತಾನೇ!"

"ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀರಿ... ಚೀಟಿ ಹೇಗೆ ಮರೆತ್ರಿ?"

ಅವನ ಕಿವಿ ಕೆಂಪಾಯಿತು. "ಅವತ್ತು ಬೆಳಗ್ಗೆ ನೀವು ಬಂದು ಪಕ್ಕದಲ್ಲಿ ಕೂತ್ರಿ... ಆಮೇಲೆ ನನಗೆ ಏನೂ ನೆನಪಾಗಲಿಲ್ಲ."

ಅವಳ ಕಣ್ಣು ತುಂಬಿ ಬಂತು. "ಅದನ್ನೂ ಬರೀಬೇಕಿತ್ತು!"

"ಮೇಡಂ ಓದ್ತಾರಲ್ರೀ..."

ಅವಳು ಗುಂಡಿಗೆ ಇಳಿದು ಅವನ ಪಕ್ಕ ಕೂತಳು. "ನನಗೂ ನೀವಂದ್ರೆ ಪ್ರಾಣ. ಇನ್ಮೇಲೆ ಇಲ್ಲೇ ಕೂರ್ತೀನಿ, ಅಭ್ಯಾಸ ಮಾಡ್ಕೊಳ್ಳಿ."

"ಎಷ್ಟು ದಿನ?"

"ನಾವಿಬ್ರೂ ಮುದುಕರಾಗೋವರೆಗೆ!"