ಇಸ್ತ್ರಿ ನೀರಿನ ಬೋಗುಣಿ

ಪಶು ಆಸ್ಪತ್ರೆಯ ಲ್ಯಾಬಿನ ಕಿಟಕಿಯಲ್ಲಿ ಟೈಲರಮ್ಮ ಒಂದು ಗುಂಡಿ ಡಬ್ಬಿ ಇಟ್ಟಳು. ಒಳಗೆ ಕೂತಿದ್ದವನು ಮುಚ್ಚಳ ತೆಗೆದು ನೋಡಿ, ಮೆಲ್ಲಗೆ ಮತ್ತೆ ಮುಚ್ಚಿದ.

“ಗುಂಡಿ ಅಂದುಕೊಂಡೆ,” ಅಂದ.

“ಗುಂಡಿ ತೋರಿಸೋಕೆ ಇಲ್ಲಿಗೆ ಯಾಕೆ ಬರಲಿ? ಕೋಳಿ ಹಿಕ್ಕೆ ಅದು, ಬೆಳಿಗ್ಗೆಯದು. ಐದು ಕೋಳಿ ಇವೆ. ದಿನವಿಡೀ ಹಿತ್ತಲು ಕೆದರಿ ತಿನ್ನುತ್ತವೆ, ಒಂದಕ್ಕಾದರೂ ಮೈಗೆ ಹತ್ತಬೇಕಲ್ಲ.”

ಅವನು ಗಾಜಿನ ಚೂರಿನ ಮೇಲೆ ಏನೋ ಸವರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಇಟ್ಟವನು ಎತ್ತಲೇ ಇಲ್ಲ. ಟೈಲರಮ್ಮನದು ಹುಟ್ಟಾ ಕುತೂಹಲದ ಬುದ್ಧಿ. ಹೊಲಿಯೋಕೆ ಕೊಟ್ಟ ಹಳೇ ಕೋಟಿನ ಒಳಮೈ ಬಿಚ್ಚಿ ನೋಡದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಹಾಗಿರುವಾಗ ಸುಮ್ಮನೆ ನಿಂತಾಳೆಯೇ?

“ಏನು ಕಾಣ್ತಾ ಇದೆ?”

ಅವನು ತಲೆ ಎತ್ತಿದ. ಆ ಕಿಟಕಿಗೆ ಬಂದವರೆಲ್ಲ ಕೇಳುತ್ತಿದ್ದದ್ದು ಯಾವ ಔಷಧಿ, ಎಷ್ಟು ಹೊತ್ತು ಅಂತ. ಏನು ಕಾಣ್ತಾ ಇದೆ ಅಂತ ಯಾರೂ ಕೇಳಿದ್ದಿಲ್ಲ. ಅವನು ಎದ್ದು ಬಾಗಿಲು ತೆಗೆದು, ತನ್ನ ಸ್ಟೂಲನ್ನೇ ಅವಳಿಗೆ ಬಿಟ್ಟುಕೊಟ್ಟ.

“ಇಲ್ಲಿ ನೋಡಿ. ನಿಂಬೆ ಬೀಜದ ಹಾಗಿವೆಯಲ್ಲ, ಅವೇ ಜಂತುಹುಳದ ಮೊಟ್ಟೆ. ಒಂದು ಕೋಳಿಯ ಹಿಕ್ಕೆಯಿಂದ ಮಣ್ಣಿಗೆ ಬೀಳುತ್ತವೆ, ಮಣ್ಣು ಕೆದರಿದ ಇನ್ನೊಂದರ ಹೊಟ್ಟೆ ಸೇರುತ್ತವೆ.”

“ಅಯ್ಯೋ, ಎಷ್ಟು ಚೆನ್ನಾಗಿವೆ,” ಅಂದಳು ಟೈಲರಮ್ಮ. ಹುಳದ ಮೊಟ್ಟೆಗೆ ಹಾಗಂದೆನಲ್ಲ ಅಂತ ನಾಚಿಕೆಯಾಯಿತು. ಅವನು ನಗಲಿಲ್ಲ, “ನನಗೂ ಹಾಗೇ ಅನಿಸುತ್ತೆ,” ಅಂದ. ಅಲ್ಲಿಗೆ ಮುಗಿಯಿತು ಅವಳ ಕಥೆ.

ಔಷಧಿ ಕೊಡುವಾಗ ಅವನು ಎರಡೆರಡು ಸಲ ಹೇಳಿದ: ಕುಡಿಯುವ ನೀರಿಗೆ ಬೆರೆಸಬೇಕು, ಅವತ್ತು ಕೋಳಿಗಳಿಗೆ ಬೇರೆ ನೀರು ಸಿಗಬಾರದು, ಡಾಕ್ಟರು ಬರೆದಷ್ಟು ದಿನ ಮೊಟ್ಟೆ ತಿನ್ನಬಾರದು, ಎರಡು ವಾರ ಬಿಟ್ಟು ಮತ್ತೆ ಹಿಕ್ಕೆ ತರಬೇಕು. ಅವಳು ತಲೆಯಾಡಿಸಿದಳು. ಕಣ್ಣು ಮಾತ್ರ ಅವನ ಬಿಳಿ ಕೋಟಿನ ಮೇಲಿತ್ತು. ಎಡತೋಳು ಬಲತೋಳಿಗಿಂತ ಒಂದಂಗುಲ ಉದ್ದ. ಅವನು ಮಾತಿಗೊಮ್ಮೆ ಅದನ್ನು ಮೇಲಕ್ಕೆ ಸರಿಸುತ್ತಿದ್ದ, ಅದು ಮಾತಿಗೊಮ್ಮೆ ಕೆಳಗೆ ಜಾರುತ್ತಿತ್ತು. ಯಾವ ಪುಣ್ಯಾತ್ಮ ಹೊಲಿದನೋ ಅಂತ ಅವಳ ಕೈ ತುರಿಸಿತು.

ಎರಡು ವಾರ ಕಳೆಯಿತು. ಹಿಕ್ಕೆಯಲ್ಲಿ ಹುಳದ ಮೊಟ್ಟೆಗಳು ಹಾಗೇ ಇದ್ದವು. ಅವನು ಮತ್ತೆ ಔಷಧಿ ಕೊಟ್ಟ. ಇನ್ನೂ ಎರಡು ವಾರ ಕಳೆದರೂ ಒಂದೂ ಕಡಿಮೆಯಾಗಲಿಲ್ಲ. ಅವನು ಹಣೆ ಉಜ್ಜಿಕೊಂಡು ಮೂರನೇ ಸಲ ಔಷಧಿ ಕೊಟ್ಟ. ಅವಳು ಹೋದಾಗಲೆಲ್ಲ ಸ್ಟೂಲು ಸರಿಯುತ್ತಿತ್ತು, ಹಿಂದಿನ ಸಲದ ಡಬ್ಬಿ ತೊಳೆದು ಒರೆಸಿ ಕಿಟಕಿಯಲ್ಲಿ ಕಾದಿರುತ್ತಿತ್ತು.

“ಹಿಕ್ಕೆ ಕೊಡೋಕೆ ಹೊರಟವಳಿಗೆ ಹೊಸ ಬಟ್ಟೆ ಯಾಕೇ?” ಅಂತ ದೊಡ್ಡಮ್ಮ ಕೇಳಿದಳು. ಮನೆಯಲ್ಲಿದ್ದದ್ದು ಅವರಿಬ್ಬರೇ. ಕೋಳಿಗಳಿಗೆ ಹೆಸರಿಟ್ಟವಳೂ ದೊಡ್ಡಮ್ಮನೇ. ಎಲ್ಲಕ್ಕಿಂತ ಹಿರಿಯದಕ್ಕೆ ಮೇಡಂ ಅಂತ ಹೆಸರು.

“ಹಳೇದು ತೊಳೆಯೋಕೆ ಹಾಕಿದೀನಿ.”

“ಅದೂ ಎರಡು ವಾರಕ್ಕೊಮ್ಮೆ ಸರಿಯಾಗಿ ತೊಳೆಯೋಕೆ ಬೀಳುತ್ತೆ, ಪಾಪ.”

ಮೂರನೇ ಔಷಧಿ ಹಾಕಿದ ದಿನ ಟೈಲರಮ್ಮ ಹಿಂಬಾಗಿಲಲ್ಲಿ ಇಸ್ತ್ರಿ ಮಾಡುತ್ತ ಕೂತಿದ್ದಳು. ಬಟ್ಟೆಗೆ ಚಿಮುಕಿಸೋಕೆ ನೀರಿನ ಬೋಗುಣಿ ಸದಾ ಅವಳ ಪಕ್ಕದಲ್ಲೇ, ನೆಲದ ಮೇಲೆ. ಕೈ ಅದ್ದಲು ಹೋದರೆ ಬೆರಳಿಗೆ ಕೊಕ್ಕು ತಗುಲಿತು. ನೋಡುತ್ತಾಳೆ, ಮೇಡಂ ಕತ್ತು ಎತ್ತಿ ಆರಾಮಾಗಿ ನೀರು ನುಂಗುತ್ತಿದೆ. ಹಿಂದೆ ಉಳಿದ ನಾಲ್ಕೂ ಸಾಲಾಗಿ ನಿಂತಿವೆ. ಔಷಧಿ ಬೆರೆಸಿದ ನೀರಿನ ಡಬ್ಬ ಹಿತ್ತಲಲ್ಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಕೊಟ್ಟಿದ್ದೆಲ್ಲ ಮಣ್ಣುಪಾಲು. ತಪ್ಪು ಔಷಧಿಯದಲ್ಲ, ಲ್ಯಾಬಿನದಲ್ಲ, ತನ್ನದೇ.

ಬೋಗುಣಿ ಚೆಲ್ಲೋಕೆ ಎತ್ತಿಕೊಂಡಳು. ಎತ್ತಿಕೊಂಡು ನಿಂತೇ ಇದ್ದಳು. ಚೆಲ್ಲಿದರೆ ಕೋಳಿಗಳು ಔಷಧಿ ಕುಡಿಯುತ್ತವೆ, ಹುಳ ಹೋಗುತ್ತವೆ. ಹುಳ ಹೋದ ಮೇಲೆ ಅವಳಿಗೆ ಆ ಕಿಟಕಿಯಲ್ಲಿ ಏನು ಕೆಲಸ? ನಾಳೆ ಚೆಲ್ಲಿದರಾಯಿತು ಅಂತ ಬೋಗುಣಿಯನ್ನು ಇದ್ದಲ್ಲೇ ಇಟ್ಟಳು. ನಾಳೆ ನಾಳೆ ಅಂತ ಎರಡು ವಾರವೂ ಕಳೆಯಿತು. ಮೇಡಮ್ಮಿನ ಕೆಂಪು ಜುಟ್ಟು ಬಿಳಿಚಿಕೊಂಡಿತು, ಟೈಲರಮ್ಮನಿಗೆ ಊಟ ಸೇರದಾಯಿತು.

ನಾಲ್ಕನೇ ಡಬ್ಬಿ ಹಿಡಿದು ಹೋದಾಗ ಸ್ಟೂಲು ಸರಿಯಲಿಲ್ಲ. ಅವನು ಮೇಜಿನ ವಸ್ತುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

“ಎರಡು ಸಲ ಔಷಧಿ ಕೊಟ್ಟು ನೋಡಿದರೂ ಎಣಿಕೆ ಇಳಿದಿಲ್ಲ ಅಂದರೆ ನನಗೆ ಎಣಿಸೋಕೇ ಬರೋದಿಲ್ಲ ಅಂತ ಡಾಕ್ಟರು ತೀರ್ಮಾನಿಸಿದಾರೆ. ನಾಳೆಯಿಂದ ನಾನು ಸ್ಟೋರಿನಲ್ಲಿ ಚೀಲ ಎಣಿಸಬೇಕು,” ಅಂದ. ಕೈ ಸೂಕ್ಷ್ಮದರ್ಶಕದ ಮೇಲೇ ಇತ್ತು. “ಅವರು ಹೇಳೋದೂ ಸರಿಯೇನೋ. ನನಗೇ ಈಗ ನನ್ನ ಕಣ್ಣಿನ ಮೇಲೆ ನಂಬಿಕೆ ಇಲ್ಲ.”

ಟೈಲರಮ್ಮ ಡಬ್ಬಿಯನ್ನು ಕಿಟಕಿಯಲ್ಲಿಟ್ಟಳು. ಈಗ ಬಾಯಿ ಬಿಟ್ಟರೆ ಇವನು ಮತ್ತೆ ತನ್ನ ಮುಖ ನೋಡಲಿಕ್ಕಿಲ್ಲ. ಬಿಡದಿದ್ದರೆ ಈ ಮೇಜು ಇವನ ಕೈ ತಪ್ಪುತ್ತದೆ.

“ನಿಮ್ಮ ಎಣಿಕೆ ಸರಿಯಾಗಿದೆ. ನನ್ನ ಕೋಳಿಗಳು ಔಷಧಿ ಕುಡಿದೇ ಇಲ್ಲ,” ಅಂದಳು. ಬೋಗುಣಿಯ ವಿಷಯ ಪೂರ್ತಿ ಹೇಳಿದಳು.

“ಯಾವಾಗ ಗೊತ್ತಾಯಿತು?”

“ಎರಡು ವಾರ ಆಯಿತು.”

“ಎರಡು ವಾರ? ಮತ್ತೆ ಯಾಕೆ ಹೇಳಲಿಲ್ಲ?”

“ಹುಳ ಹೋದರೆ ನಿಮ್ಮನ್ನು ನೋಡೋಕೆ ಯಾವ ನೆಪ ಹೇಳಿಕೊಂಡು ಬರಲಿ?”

ಅವನ ಕಿವಿ ಕೆಂಪಾಯಿತು. ಸಿಟ್ಟಿಗೋ ಮತ್ತೊಂದಕ್ಕೋ, ಅವಳಿಗೆ ತಿಳಿಯಲಿಲ್ಲ. “ಇದನ್ನೇ ಡಾಕ್ಟರಿಗೆ ಹೇಳಿ,” ಅಂದ. ಹೇಳಿದಳು, ನೆಪದ ಮಾತೊಂದು ಬಿಟ್ಟು. ಹೊರಡುವಾಗ ಅವನು ಔಷಧಿ ಕೈಗಿಟ್ಟು, “ಮೊದಲು ಬೋಗುಣಿ ಚೆಲ್ಲಿ,” ಅಂದ, ಅಷ್ಟೇ.

ಅವಳು ಚೆಲ್ಲಿದಳು. ಬೋಗುಣಿಯನ್ನು ಅಟ್ಟಕ್ಕೆ ಹಾಕಿದಳು. ಐದೂ ಕೋಳಿಗಳು ಔಷಧಿಯ ನೀರು ಕುಡಿಯುವವರೆಗೆ ಕಾವಲು ಕೂತಳು. ದಿನ ಕಳೆದಂತೆ ಮೇಡಮ್ಮಿನ ಜುಟ್ಟಿಗೆ ಕೆಂಪು ಮರಳಿತು. ಡಬ್ಬಿ ಒಯ್ಯುವ ದಿನ ಬಂದಾಗ ಇವಳಿಗೆ ಹೋಗೋಕೆ ಮುಖವಿಲ್ಲ, ದೊಡ್ಡಮ್ಮ ಹೋಗಿ ಕೊಟ್ಟು ಬಂದಳು. ಅಲ್ಲಿ ಯಾರಿದ್ದರು ಅಂತ ಕೇಳುವ ಧೈರ್ಯ ಇವಳಿಗಿರಲಿಲ್ಲ, ದೊಡ್ಡಮ್ಮ ತಾನಾಗಿ ಹೇಳಲೂ ಇಲ್ಲ.

ಅವತ್ತು ಸಂಜೆ ಹಿತ್ತಲ ಬಾಗಿಲು ಕಿರುಗುಟ್ಟಿತು. ಬಿಳಿ ಕೋಟಿನಲ್ಲೇ ಬಂದಿದ್ದ. ಕೈಯಲ್ಲಿ ತೊಳೆದ ಗುಂಡಿ ಡಬ್ಬಿ.

“ಸೊನ್ನೆ,” ಅಂದ. “ನಾನು ಮೂರು ಸಲ ಎಣಿಸಿದೆ, ಡಾಕ್ಟರು ಒಂದು ಸಲ. ನನ್ನ ಮೇಜು ನನಗೇ ಉಳೀತು.”

ಅವಳಿಗೆ ಅಳು ಬರುವಷ್ಟು ಸಮಾಧಾನವಾಯಿತು. ಅವನು ಡಬ್ಬಿಯನ್ನು ಅವಳ ಕೈಗಿಟ್ಟ.

“ಇನ್ನು ನೀವು ಆಸ್ಪತ್ರೆಗೆ ಬರಬೇಕಾಗಿಲ್ಲ.”

“ಗೊತ್ತು,” ಅಂದಳು ನೆಲ ನೋಡುತ್ತ.

“ಅದಕ್ಕೇ ನಾನು ಬಂದೆ.”

ಒಳಗೆ ದೊಡ್ಡಮ್ಮ ಯಾರೂ ಕೇಳದಿದ್ದರೂ ಕೆಮ್ಮಿದಳು. ಟೈಲರಮ್ಮ ತಲೆ ಎತ್ತಿದಳು. ಅವನು ಎಡತೋಳು ಮೇಲಕ್ಕೆ ಸರಿಸಿದ, ಅದು ಜಾರಿತು. ಅವಳು ಜೇಬಿನಿಂದ ಸೀಮೆಸುಣ್ಣ ತೆಗೆದು, “ಕೈ ಚಾಚಿ,” ಅಂದಳು. ಮಣಿಕಟ್ಟಿನ ಹತ್ತಿರ ಎಳೆದ ಗೆರೆ ಸೊಟ್ಟಗಾಯಿತು.

“ಕೋಟು ಬಿಟ್ಟು ಹೋಗಿ. ನಾಳೆ ಕೊಡ್ತೀನಿ.”

“ನಾಡಿದ್ದು? ಬಲತೋಳಿಗೂ ಏನಾದರೂ ಮಾಡಬೇಕಾ?”

“ನಿಜ ಹೇಳಲಾ?”

“ಇನ್ನು ಮುಂದೆ ನಿಜವೇ ಹೇಳಿ.”

“ಬಲತೋಳು ಸರಿಯಾಗಿದೆ,” ಅಂದಳು ಟೈಲರಮ್ಮ. “ಆದರೂ ನಾಡಿದ್ದು ಬನ್ನಿ.”