ಮಿಡತೆಯ ಏಳು ಆಟ, ಅತ್ತಿಗೆಯ ಒಂದು ಪರೀಕ್ಷೆ

"ಅಯ್ಯೋ ಅತ್ತೆ… ಅದು ನನ್ನ ಹಾಲ್ ಟಿಕೆಟ್!"

ಸೊಸೆ ಕೂಗುವಷ್ಟರಲ್ಲಿ ಕಾಗದ ಬಕೆಟ್ಟಿನೊಳಗೆ ಮುಳುಗಿಯಾಗಿತ್ತು. ನೊರೆನೀರಿನಲ್ಲಿ ನೆನೆಹಾಕಿದ್ದ ಕಾಲುಚೀಲ, ಓಟದ ಚಡ್ಡಿ, ಮರಳು ಮೆತ್ತಿದ ಬನಿಯನ್ನುಗಳ ನಡುವೆ ಅವಳು ಎರಡೂ ಕೈ ಹಾಕಿ ತಡಕಾಡಿದಳು. ಸಿಕ್ಕಿದ್ದನ್ನು ಅಂಗೈ ಮೇಲೆ ಹರಡಿಕೊಂಡಾಗ ಶಾಯಿ ಕದಡಿಹೋಗಿತ್ತು. ಫೋಟೋದಲ್ಲಿದ್ದ ಮುಖ ಅವಳದೋ ಇನ್ನೊಬ್ಬರದೋ ಹೇಳುವಂತಿರಲಿಲ್ಲ.

"ಕೈ ಜಾರಿತು," ಎಂದರು ಬಚ್ಚಲ ಬಾಗಿಲಲ್ಲಿ ನಿಂತಿದ್ದ ಅತ್ತೆ. ಕೈ ಜಾರಿದವರ ಮುಖ ಹಾಗಿರುವುದಿಲ್ಲ. "ಸ್ಪರ್ಧೆಯ ಆ ಎರಡು ದಿನ ನೀನು ನಮ್ಮ ಜೊತೆ ಬರ್ತೀಯ, ಅಷ್ಟೇ. ತರಬೇತಿ ಶಿಬಿರದ ಆಯ್ಕೆ ನನ್ನ ಮಗಳಿಗೆ ಮತ್ತೆ ಮತ್ತೆ ಬರಲ್ಲ. ನಿನ್ನ ಪರೀಕ್ಷೆ ಎಲ್ಲಿಗೆ ಓಡಿಹೋಗುತ್ತೆ?"

"ಓಡಿಹೋಗುತ್ತೆ ಅತ್ತೆ… ಈಗಾಗಲೇ ಎರಡು ಸಲ ತಪ್ಪಿಸಿದೀನಿ. ಇದು ಕೊನೇದು. ಇದೂ ತಪ್ಪಿದ್ರೆ ನನ್ನ ಅಷ್ಟು ವರ್ಷದ ಓದು ನೀರುಪಾಲು…"

"ಆಗೇ ಹೋಯ್ತಲ್ಲ," ಎಂದು ಅತ್ತೆ ಬಕೆಟ್ಟಿನ ಕಡೆ ನೋಡಿ, ಹೊಲಿಗೆ ಮಿಷನ್ನಿನ ಮುಂದೆ ಹೋಗಿ ಕುಳಿತರು.

ಈ ಮಾತನ್ನು ಮೆಟ್ಟಿಲ ಮೇಲೆ ಇನ್ನೊಬ್ಬಳು ಕೇಳಿಸಿಕೊಂಡಿದ್ದಳು. ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತಿಬಂದಿದ್ದರಿಂದ ಅವಳ ಹೆಜ್ಜೆ ಯಾರಿಗೂ ಕೇಳಿಸಿರಲಿಲ್ಲ. ಅವಳೇ ಈ ಮನೆಯ ಮಗಳು, ಹತ್ತೊಂಬತ್ತರ ಹುಡುಗಿ. ಮೈಗಿಂತ ಕಾಲೇ ಉದ್ದವೆಂದು ಅಣ್ಣ ಚಿಕ್ಕಂದಿನಲ್ಲಿ ಇಟ್ಟ ಹೆಸರು ಮಿಡತೆ. ಅದೇ ಹೆಸರು ಶಾಲೆಗೂ ಹೋಯಿತು, ಮೈದಾನಕ್ಕೂ ಹೋಯಿತು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ ಅವರ ಮನೆ. ಗಂಡ ತೀರಿಕೊಂಡ ಮೇಲೆ ತಾಯಿ ಶಾಲಾ ಸಮವಸ್ತ್ರ ಹೊಲಿದು ಇಬ್ಬರು ಮಕ್ಕಳನ್ನು ಸಾಕಿದವರು. ಮಗ ಸಿಟಿ ಬಸ್ಸಿನ ಡ್ರೈವರ್ ಆದ. ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಶಾಲೆಯ ಕ್ರೀಡಾಕೂಟಕ್ಕೆ ಜನ ಸಾಲದೆ ಹೋದಾಗ ಎಲ್ಲ ಸ್ಪರ್ಧೆಗೂ ತಾನೇ ಹೆಸರು ಕೊಟ್ಟು, ನಾಲ್ಕರಲ್ಲಿ ಗೆದ್ದು, ಮಿಕ್ಕದ್ದರಲ್ಲಿ ಎರಡನೆಯವಳಾಗಿ ಬಂದಳು. ಅವತ್ತು ಅತಿಥಿಯಾಗಿ ಬಂದಿದ್ದ ಕೋಚ್ ಮೇಡಂ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನೋಡು ಮಗೂ, ಒಂದೊಂದರಲ್ಲೂ ನಿನ್ನನ್ನ ಮೀರಿಸೋರು ಸಿಕ್ತಾರೆ. ಆದ್ರೆ ಏಳಕ್ಕೂ ಎದೆಕೊಟ್ಟು ನಿಲ್ಲೋರು ಸಿಗಲ್ಲ. ನಿನಗೆ ಹೆಪ್ಟಾಥ್ಲಾನ್ ಕಲಿಸ್ತೀನಿ."

ಎರಡು ದಿನ, ಏಳು ಸ್ಪರ್ಧೆ. ಮೊದಲ ದಿನ ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, ಇನ್ನೂರು ಮೀಟರ್ ಓಟ. ಮರುದಿನ ಉದ್ದ ಜಿಗಿತ, ಜಾವೆಲಿನ್, ಕೊನೆಗೆ ಉಸಿರು ಕಿತ್ತುಬರುವ ಎಂಟುನೂರು ಮೀಟರ್. ಏಳರ ಅಂಕವನ್ನೂ ಕೂಡಿಸಿ ಗೆಲುವು. "ಏಳು ಊರಿನ ನೀರು ಕುಡಿದಂಗೆ ಇದೆ ಕಣೇ ನಿನ್ನ ಆಟ," ಎಂದು ಅಣ್ಣ ನಗುತ್ತಿದ್ದ. ತಾಯಿ ಮಾತ್ರ ನಗಲಿಲ್ಲ. ಮಿಷನ್ನಿನ ಮುಂದೆ ಬಾಗಿದ ತನ್ನ ಬೆನ್ನು ಮಗಳಿಗೆ ಬರಬಾರದು, ಅವಳು ನೆಟ್ಟಗೆ ನಿಲ್ಲಬೇಕು, ಜಗತ್ತು ಕತ್ತೆತ್ತಿ ಅವಳನ್ನು ನೋಡಬೇಕು… ಆ ತಾಯಿಗೆ ಇದೊಂದೇ ಜಪವಾಯಿತು.

ಆ ಜಪದ ನಡುವೆ ಮೂರು ವರ್ಷದ ಹಿಂದೆ ಸೊಸೆ ಬಂದಳು. ಕಣ್ಣಿನ ತಪಾಸಣೆ ಮಾಡಿ ಕನ್ನಡಕದ ನಂಬರು ಬರೆದುಕೊಡುವ ಕೋರ್ಸು ಓದಿದವಳು. ಕೊನೆಯ ಪ್ರಾಯೋಗಿಕ ಪರೀಕ್ಷೆ ಮಾತ್ರ ಬಾಕಿ ಇತ್ತು. "ಮದುವೆಯಾದ ಮೇಲೆ ಬರೆದ್ರಾಯ್ತು, ಅದಕ್ಕೇನು," ಎಂದಿದ್ದರು ಅತ್ತೆ. ಮೊದಲ ಸಲ ಪರೀಕ್ಷೆ ಬಂದಾಗ ಮಿಡತೆಯ ಮೊಣಕಾಲು ಊದಿತ್ತು. ಎರಡನೆಯ ಸಲ ಜೂನಿಯರ್ ಸ್ಪರ್ಧೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮೊಟ್ಟೆ ಬೇಯಿಸುವವಳು ಸೊಸೆ. ಕಾಲಿಗೆ ಎಣ್ಣೆ ತಿಕ್ಕುವವಳು, ಬೂಟಿನ ಮೊಳೆ ಬಿಗಿಮಾಡುವವಳು, ಒದ್ದೆ ಬಟ್ಟೆ ಹಿಂಡುವವಳೂ ಸೊಸೆಯೇ. ಹಾಲು ಒಂದು ಲೋಟ ಕಡಿಮೆಯಾದರೆ ಆ ಲೋಟ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಮಿಡತೆ ಕೆಟ್ಟವಳಲ್ಲ. ಆದರೆ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಎನ್ನುವಷ್ಟು ಸಹಜವಾಗಿ ಅತ್ತಿಗೆಯ ದುಡಿಮೆಯನ್ನು ಬಳಸಿಕೊಂಡು ಬಂದಿದ್ದಳು.

ಈಗ ಮೆಟ್ಟಿಲ ಮೇಲೆ ನಿಂತ ಅವಳಿಗೆ ಮೈಯೆಲ್ಲ ಬಿಸಿಯೇರಿತು. ಒಳಗೆ ಹೋದಾಗ ಅತ್ತಿಗೆ ಆಗಲೇ ಕಣ್ಣೊರೆಸಿಕೊಂಡು, "ಬಂದ್ಯಾ ಮಿಡತೆ? ಕೈಕಾಲು ತೊಳ್ಕೊ, ಬಿಸಿನೀರಿದೆ," ಎಂದಳು. ದನಿಯಲ್ಲಿ ಒಂದು ಎಳೆ ಮುನಿಸೂ ಇರಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ…!

ಮರುದಿನ ಮಿಡತೆ ಮೈದಾನಕ್ಕೆ ಹೋಗಲಿಲ್ಲ. ಸ್ಪರ್ಧೆಗೆ ಹತ್ತೇ ದಿನವಿದ್ದರೂ ಅತ್ತಿಗೆಯ ಕಾಲೇಜಿನ ಆಫೀಸಿಗೆ ಹೋಗಿ ಕಿಟಕಿಯ ಮುಂದೆ ನಿಂತಳು.

"ಇನ್ನೊಂದು ಹಾಲ್ ಟಿಕೆಟ್ ಬೇಕು. ಮೊದಲಿಂದು ನೀರಲ್ಲಿ ಬಿತ್ತು."

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ಯಾರಮ್ಮ ಬೀಳಿಸಿದ್ದು?"

"ನಾನೇ," ಎಂದಳು ಮಿಡತೆ. ಹೇಳಿದ ಮೇಲೆ ಅದು ಸುಳ್ಳಲ್ಲವೆನ್ನಿಸಿತು.

"ಪರೀಕ್ಷೆ ಬರೆಯೋರೇ ಬಂದು ಸಹಿ ಮಾಡ್ಬೇಕು. ಇವತ್ತು ಐದು ಗಂಟೆಗೆ ಕೊನೆ."

ಗಂಟೆ ಮೂರೂಮುಕ್ಕಾಲು. ಮಿಡತೆ ಆಫೀಸಿನಿಂದ ಮನೆಯವರೆಗೆ ಓಡಿದಳು. ಅತ್ತಿಗೆಯ ಕೈಯಲ್ಲಿದ್ದ ಸೌಟನ್ನು ಕಿತ್ತು ಕೆಳಗಿಟ್ಟು, "ಏನೂ ಕೇಳ್ಬೇಡಿ, ಚಪ್ಪಲಿ ಹಾಕ್ಕೊಳ್ಳಿ," ಎಂದು ಎಳೆದುಕೊಂಡು ಹೊರಟಳು. ಐದಕ್ಕೆ ನಾಲ್ಕು ನಿಮಿಷವಿರುವಾಗ ಅತ್ತಿಗೆ ಏದುಸಿರು ಬಿಡುತ್ತ ಸಹಿ ಹಾಕಿದಳು. "ಅಮ್ಮಾ, ಓಡೋ ಪರೀಕ್ಷೆಯೂ ಮುಗಿಸ್ಕೊಂಡೇ ಬಂದಂಗಿದೆ," ಎಂದ ಗುಮಾಸ್ತ. ಅತ್ತಿಗೆ ನಕ್ಕಳು. ಮೂರು ವರ್ಷದಲ್ಲಿ ಆ ನಗುವನ್ನು ಮಿಡತೆ ಕಂಡಿರಲೇ ಇಲ್ಲ.

ಮನೆಯಲ್ಲಿ ಸಿಡಿಲು ಕಾದಿತ್ತು. ಅಣ್ಣ ಖಾಕಿ ಅಂಗಿಯಲ್ಲೇ ಗೋಡೆಗೊರಗಿ ಕೂತಿದ್ದ.

"ನನ್ನ ಬೆನ್ನ ಹಿಂದೆ ಇಬ್ಬರೂ ಸೇರ್ಕೊಂಡ್ರಾ?" ತಾಯಿ ಎದ್ದು ನಿಂತರು. "ಅವಳು ಪರೀಕ್ಷೆಗೆ ಹೋದ್ರೆ ಅಲ್ಲಿ ನಿನ್ನ ಕೈಕಾಲು ಒತ್ತೋರ್ಯಾರು? ಏಳು ಆಟಕ್ಕೂ ಬಟ್ಟೆಬರೆ, ಬೂಟು ನೋಡೋರ್ಯಾರು?"

"ಅತ್ತಿಗೆ ಪರೀಕ್ಷೆಗೆ ಹೋಗದಿದ್ರೆ ನಾನು ಮೈದಾನಕ್ಕೇ ಕಾಲಿಡಲ್ಲ ಅಮ್ಮ."

"ಏನಂದೆ! ನಿನಗೋಸ್ಕರ ನಾನು ಜೀವ ತೇದು…"

"ನೀನು ತೇದಿದ್ದು ನನಗೆ ಗೊತ್ತು. ಆದ್ರೆ ಈ ಮೂರು ವರ್ಷ ತೇದಿದ್ದು ನೀನಲ್ಲ… ಅತ್ತಿಗೆ! ಒಂದು ಹೆಣ್ಣನ್ನ ಮೇಲೆ ಎತ್ತೋಕೆ ಇನ್ನೊಂದು ಹೆಣ್ಣಿನ ತಲೆ ಮೇಲೆ ಕಾಲಿಡಿಸ್ತೀಯಲ್ಲಮ್ಮ… ನಾನು ಹೇಗೆ ಜಿಗೀಲಿ?"

ತಾಯಿ ಮಗನ ಕಡೆ ತಿರುಗಿದರು. "ನೀನೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯಲ್ಲೋ!"

ಅಣ್ಣ ನೆಲ ನೋಡಿದ. ಅಮ್ಮ ಒಂದು ಕಡೆ, ಹೆಂಡತಿ ಒಂದು ಕಡೆ; ಅಡಕತ್ತರಿಯಲ್ಲಿ ಸಿಕ್ಕಿದ್ದ ಮೂರು ವರ್ಷ ಅವನು ಸುಮ್ಮನಿರುವುದನ್ನೇ ಒಳ್ಳೆಯತನವೆಂದು ತಿಳಿದಿದ್ದ. "ಹಾಕ್ಕೊಂಡಿದ್ದೇ ತಪ್ಪಾಯ್ತಮ್ಮ," ಎಂದ ನಿಧಾನವಾಗಿ. "ಆ ಎರಡು ದಿನ ನಾನು ರಜಾ ಹಾಕಿದೀನಿ. ಅವಳನ್ನ ಪರೀಕ್ಷೆಗೆ ನಾನೇ ಕರ್ಕೊಂಡು ಹೋಗ್ತೀನಿ."

ಅವತ್ತಿನಿಂದ ತಾಯಿ ಯಾರೊಂದಿಗೂ ಮಾತಾಡಲಿಲ್ಲ. ಆದರೂ ಸ್ಪರ್ಧೆಯ ಊರಿಗೆ ಹೊರಡುವ ದಿನ ಸೀರೆಯ ಸೆರಗು ಬಿಗಿದು, ಮಗಳ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು. ಕೋಪ ಕೋಪದ ಜಾಗದಲ್ಲಿ, ಮಗಳು ಮಗಳ ಜಾಗದಲ್ಲಿ!

ಸ್ಪರ್ಧೆಯ ಮೊದಲ ದಿನ ಒಂದು ಗಂಟೆ ಕಳೆಯುವುದರೊಳಗೆ ಆ ತಾಯಿ ಸೋತುಹೋದರು. ಇಷ್ಟು ವರ್ಷ ನೆರಳಲ್ಲಿ ಕುಳಿತು ಕೂಗಿದ್ದೊಂದೇ ಅವರ ಕೆಲಸ. ಈಗ ಹರ್ಡಲ್ಸ್ ಮುಗಿದ ಕೂಡಲೇ ಬೂಟು ಬದಲಾಗಬೇಕು, ಬೆವರಿನ ಅಂಗಿ ಬದಲಾಗಬೇಕು, ನೀರು ತೀರಾ ತಣ್ಣಗಿರಬಾರದು. ಬಿಸಿಲಲ್ಲಿ ಬೇಲಿಗೂ ನಲ್ಲಿಗೂ ಹನ್ನೆರಡು ಸಲ ಓಡಾಡಿದರು. ಯಾವ ಬೂಟು ಯಾವುದಕ್ಕೆ? ಗಾಬರಿಯಲ್ಲಿ ಚೀಲ ತೆರೆದಾಗ ಒಳಗೆ ಏಳು ಸಣ್ಣ ಬಟ್ಟೆ ಚೀಲಗಳಿದ್ದವು. ಪ್ರತಿಯೊಂದಕ್ಕೂ ಪಿನ್ನು ಹಾಕಿದ ಒಂದು ಚೀಟಿ. ಸೊಸೆಯ ದುಂಡನೆಯ ಅಕ್ಷರ.

"ಎತ್ತರ ಜಿಗಿತ. ಮೊದಲು ಅಂಗಿ ಬದಲಿಸಿ. ಅರ್ಧ ಬಾಳೆಹಣ್ಣು, ಪೂರ್ತಿ ಬೇಡ."

"ಗುಂಡು. ಬೆರಳಿಗೆ ಪಟ್ಟಿ. ಗುಂಡು ಜಾಸ್ತಿ ದೂರ ಹೋಗಲ್ಲ, ಅದಕ್ಕೆ ಬೇಜಾರು ಮಾಡ್ಕೋತಾಳೆ. ನಗಿಸಿ."

ಮಧ್ಯಾಹ್ನ ಪಟ್ಟಿ ಹುಡುಕುತ್ತ ಒಳಖಾನೆಗೆ ಕೈಹಾಕಿದಾಗ ಎಂಟನೆಯ ಚೀಟಿ ಸಿಕ್ಕಿತು. ಅದು ಮಿಡತೆಗಾಗಿ ಬರೆದದ್ದಲ್ಲ.

"ಅತ್ತೆ, ನಿಮ್ಮ ಬಿ.ಪಿ. ಮಾತ್ರೆ ಇಲ್ಲಿದೆ. ಅವಳ ಗಡಿಬಿಡಿಯಲ್ಲಿ ನೀವು ಊಟ ಮರೀತೀರಿ. ಊಟ ಮಾಡಿ ತಗೊಳ್ಳಿ. ಬಿಸಿಲಲ್ಲಿ ಕೂರಬೇಡಿ."

ತಾಯಿ ಆ ಚೀಟಿಯನ್ನು ಎರಡು ಸಲ ಓದಿದರು. ಬಕೆಟ್ಟಿನಲ್ಲಿ ಕಾಗದ ಮುಳುಗಿಸಿದ ಕೈಗೆ ಮಾತ್ರೆ ಎಣಿಸಿಟ್ಟವಳು…! ತಾನು ಹೊಸ ಸೊಸೆಯಾಗಿದ್ದಾಗ ಪುಸ್ತಕ ಕಿತ್ತುಕೊಂಡು ಒಲೆ ಮುಂದೆ ಕೂರಿಸಿದ ಅತ್ತೆಯ ಮುಖ ನೆನಪಾಯಿತು. ಆ ಮುಖವನ್ನು ಇಷ್ಟು ವರ್ಷ ಶಪಿಸಿ ಶಪಿಸಿ, ಕೊನೆಗೆ ಅದನ್ನೇ ತಾನು ಹೊತ್ತುಕೊಂಡೆನೇ? ಸುತ್ತಲಿನ ಜನ ಯಾರದೋ ಜಿಗಿತಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಆ ಗದ್ದಲದಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವರು ಬಿಕ್ಕಿ ಬಿಕ್ಕಿ ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ಎರಡನೆಯ ದಿನ ಉದ್ದ ಜಿಗಿತ. ಮೂರೇ ಅವಕಾಶ. ಮೊದಲನೆಯದರಲ್ಲಿ ಮಿಡತೆಯ ಬೂಟಿನ ತುದಿ ಹಲಗೆ ದಾಟಿತು, ಕೆಂಪು ಬಾವುಟ. ಎರಡನೆಯದಕ್ಕೂ ಕೆಂಪು ಬಾವುಟ. ಮೂರನೆಯದೂ ಹೋದರೆ ಸೊನ್ನೆ, ಹಿಂದಿನ ದಿನದ ನಾಲ್ಕು ಆಟದ ಬೆವರು ಮಣ್ಣುಪಾಲು! ಮಿಡತೆ ಬಿಳಿಚಿಕೊಂಡ ಮುಖದಲ್ಲಿ ಬೇಲಿಯ ಕಡೆ ನೋಡಿದಳು. ಇಂಥ ಹೊತ್ತಲ್ಲಿ ಅಮ್ಮ ಕೂಗುವುದು ಅವಳಿಗೆ ರೂಢಿ. "ಕಣ್ಣು ಎಲ್ಲಿಟ್ಟಿದ್ಯೇ!" ಎಂಬ ಆ ಕೂಗಿಗೆ ಅವಳ ಕಾಲು ಇನ್ನಷ್ಟು ಬಿಗಿಯುತ್ತಿತ್ತು.

ತಾಯಿಯ ಕೈಯಲ್ಲಿ ಚೀಟಿಯಿತ್ತು: "ಫೌಲ್ ಆದ್ರೆ ನಿಮ್ಮ ಕಡೆ ನೋಡ್ತಾಳೆ. ದಯವಿಟ್ಟು ಬೈಬೇಡಿ ಅತ್ತೆ."

ತಾಯಿ ಬೈಯಲಿಲ್ಲ. ಎರಡೂ ಕೈಯಲ್ಲಿ ಬೇಲಿ ಹಿಡಿದು, "ಹೋದ್ರೆ ಹೋಗ್ಲಿ ಕಂದಾ, ಆರಾಮಾಗಿ ಜಿಗಿ," ಎಂದರು.

ಮಿಡತೆ ಒಂದು ಕ್ಷಣ ನಂಬದೆ ನಿಂತಳು. ಆಮೇಲೆ ಹೋಗಿ, ಓಟದ ಗುರುತನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು. ಓಡಿದಳು. ಹಲಗೆಯ ನಡುವಿನಿಂದಲೇ ಮೇಲೆದ್ದಳು. ಬಿಳಿ ಬಾವುಟ! ದೂರ ಅವಳ ಅತ್ಯುತ್ತಮವೇನಲ್ಲ, ಆದರೆ ಲೆಕ್ಕಕ್ಕೆ ಬಂತು.

ಜಾವೆಲಿನ್ ಮುಗಿದಾಗ ಅವಳು ಐದನೆಯವಳು. ಶಿಬಿರಕ್ಕೆ ನಾಲ್ವರು. "ನಿನಗಿಂತ ಮುಂದಿರೋ ಆ ಹುಡುಗಿಗಿಂತ ಆರು ಸೆಕೆಂಡು ಮೊದಲು ಮುಟ್ಟಬೇಕು," ಎಂದರು ಕೋಚ್ ಮೇಡಂ. ಎಂಟುನೂರು ಮೀಟರ್ ಅವಳಿಗೆ ಎಂದೂ ಹಿಡಿಸದ ಓಟ. ಮೊದಲ ಸುತ್ತಿನಲ್ಲಿ ಮೂರನೆಯವಳಾಗಿ ಅಂಟಿಕೊಂಡಳು. ಎರಡನೆಯ ಸುತ್ತಿನ ತಿರುವಿನಲ್ಲಿ ಎದೆ ಉರಿಯತೊಡಗಿತು, ಕಾಲು ಕಲ್ಲಾಯಿತು. ಐದಕ್ಕೆ ನಾಲ್ಕು ನಿಮಿಷವಿರುವಾಗ ಏದುಸಿರು ಬಿಡುತ್ತ ಸಹಿ ಹಾಕಿದ ಅತ್ತಿಗೆ ಕಣ್ಣಮುಂದೆ ಬಂದಳು. ಅತ್ತಿಗೆ ಒಂದು ದಿನವೂ ಅಭ್ಯಾಸ ಮಾಡಿದವಳಲ್ಲ, ಆದರೂ ಅಷ್ಟು ದೂರ ನಿಲ್ಲದೆ ಓಡಿದ್ದಳಲ್ಲ! ಮಿಡತೆ ಹಲ್ಲು ಕಚ್ಚಿದಳು. ಗೆರೆ ದಾಟಿ ಬಿದ್ದಾಗ ಆಕಾಶ ಗಿರ್ರನೆ ತಿರುಗುತ್ತಿತ್ತು.

ಅಂಕಗಳನ್ನು ಕೂಡಿಸುವವರೆಗೆ ಇಪ್ಪತ್ತು ನಿಮಿಷ. ಇಪ್ಪತ್ತು ಯುಗ! ಆಮೇಲೆ ಧ್ವನಿವರ್ಧಕದಲ್ಲಿ ನಾಲ್ಕನೆಯ ಹೆಸರಾಗಿ ಅವಳದೇ ಬಂತು. ಹನ್ನೊಂದು ಅಂಕದ ಅಂತರ.

ತಾಯಿ ಮಗಳನ್ನು ತಬ್ಬಿಕೊಂಡರು. ಕಣ್ಣೀರು ನಿಲ್ಲುವ ಮೊದಲೇ ಫೋನ್ ತೆಗೆದು ಮಗನಿಗೆ ಕರೆ ಮಾಡಿದರು. "ಅವಳಿಗೆ ಕೊಡು," ಎಂದರು. ಆ ಕಡೆಯಿಂದ ಸೊಸೆಯ ದನಿ ಆತುರದಲ್ಲಿ ಬಂತು:

"ಅತ್ತೆ, ಏನಾಯ್ತು? ಮಿಡತೆ ಗೆದ್ಲಾ?"

"ಅದು ಆಮೇಲೆ. ಮೊದಲು ನಿನ್ನ ಪರೀಕ್ಷೆ ಹೇಗಾಯ್ತು ಹೇಳು."

ಆ ಕಡೆಯಿಂದ ಬಿಕ್ಕುವ ಸದ್ದು ಬಂತು.

"ಹೇಳೇ… ಯಾಕೆ ಅಳ್ತೀಯಾ? ಚೆನ್ನಾಗಿ ಆಗ್ಲಿಲ್ವಾ?"

"ಚೆನ್ನಾಗಾಯ್ತು ಅತ್ತೆ… ನೀವು ಕೇಳಿದ್ರಲ್ಲ, ಅದಕ್ಕೆ…"

ಕ್ಷಮಿಸು ಎನ್ನುವ ಮಾತು ತಾಯಿಯ ನಾಲಗೆಯ ತುದಿಯವರೆಗೆ ಬಂದು, ಹೊರಬರಲಾರದೆ ಅಲ್ಲೇ ನಿಂತಿತು. "ನಾಳೆ ನಾವು ಬರೋವರೆಗೆ ಒಲೆ ಹಚ್ಚಬೇಡ. ಮಲಕ್ಕೊ. ಬಂದು ನಾನೇ ಮಾಡಿ ಹಾಕ್ತೀನಿ," ಎಂದಷ್ಟೇ ಹೇಳಿದರು. ಸೊಸೆಗೆ ಅಷ್ಟು ಸಾಕಾಗಿತ್ತು.

ಫಲಿತಾಂಶ ಬಂತು, ಸೊಸೆ ಪಾಸಾದಳು. ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸವೂ ಸಿಕ್ಕಿತು. ಅತ್ತೆ ಒಂದೇ ದಿನಕ್ಕೆ ದೇವತೆಯಾದರೆಂದು ತಿಳಿಯಬೇಡಿ. ಸಾರಿಗೆ ಉಪ್ಪು ಕಡಿಮೆಯಾದರೆ ಇವತ್ತಿಗೂ ಗೊಣಗುತ್ತಾರೆ. ಆದರೆ ಸಾರು ಅವರದೇ, ಗೊಣಗೂ ಅವರ ಮೇಲೆಯೇ. ಮೊಟ್ಟೆ ಬೇಯಿಸುವ ಸರದಿ ಅಣ್ಣನದು.

ಸೊಸೆ ಕೆಲಸಕ್ಕೆ ಸೇರುವ ದಿನವೇ ಮಿಡತೆ ಶಿಬಿರಕ್ಕೆ ಹೊರಡುವ ದಿನವೂ ಆಯಿತು. "ನಿನ್ನನ್ನ ಬಸ್ ಹತ್ತಿಸೋಕೂ ಬರೋಕಾಗ್ತಿಲ್ವಲ್ಲೇ," ಎಂದು ಅತ್ತಿಗೆ ಪೇಚಾಡಿದಳು. "ಮೊದಲ ದಿನಾನೇ ತಡ ಮಾಡ್ಬೇಡ, ನಡಿ ನಡಿ," ಎಂದು ಅತ್ತೆಯೇ ಗದರಿದರು. ಅತ್ತಿಗೆ, ಮಿಡತೆ ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದರು. ಬೀದಿಗೆ ಬಂದಮೇಲೆ ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ.

ತಿರುವಿಗೆ ಬಂದಾಗ ಮಿಡತೆ ಅಮ್ಮನಿಗೆ ಕೈಬೀಸಲೆಂದು ಹಿಂತಿರುಗಿದಳು. ಅಮ್ಮ ಮೇಲಿನ ಕಿಟಕಿಯಲ್ಲಿ ನಿಂತಿದ್ದರು. ಆದರೆ ಅವರು ನೋಡುತ್ತಿದ್ದದ್ದು ಈ ಕಡೆಗಲ್ಲ. ಬೀದಿಯ ಆ ತುದಿಯಲ್ಲಿ, ಬಿಳಿ ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು ಬೇಗಬೇಗ ನಡೆಯುತ್ತಿದ್ದ ಸೊಸೆಯನ್ನು, ಕಣ್ಣಿಗೆ ಕೈ ಅಡ್ಡ ಹಿಡಿದು, ಅವಳು ಮರೆಯಾಗುವವರೆಗೂ ನೋಡುತ್ತಿದ್ದರು.

ಮಿಡತೆ ಎತ್ತಿದ ಕೈಯನ್ನು ಇಳಿಸಿ, ತನ್ನಷ್ಟಕ್ಕೆ ನಗುತ್ತ ಬಸ್ ನಿಲ್ದಾಣದ ಕಡೆ ಹೊರಟಳು.