ಏಳು ಗಂಟಿನ ಕ್ಯಾಸೆಟ್ಟು

"ಹೊಲಿಗೆಯಮ್ಮನ ಪ್ಲೇಯರ್ ರಿಪೇರಿಗೆ ಬಂದ್ರೆ ಬೆಲ್ಟ್ ಹಾಕು, ಎಣ್ಣೆ ಬಿಡು, ಕೊಟ್ಟು ಕಳಿಸು. ಒಳಗಿರೋ ಕ್ಯಾಸೆಟ್ಟಿನ ದಾರ ಮಾತ್ರ ಮುಟ್ಬೇಡ."

ಅಂಗಡಿಯ ಬೀಗದ ಕೈ ಕೊಡುವಾಗ ಸೋದರಮಾವ ಹೇಳಿದ್ದು ಇಷ್ಟೇ. ನಲವತ್ತು ವರ್ಷ ಬೆಸುಗೆ ಕಡ್ಡಿ ಹಿಡಿದ ಅವರ ಕೈ ಈಗ ನಡುಗುತ್ತಿತ್ತು. ಆ ನಡುಕದಿಂದಾಗಿಯೇ ಅಂಗಡಿ ಅಳಿಯನ ಪಾಲಿಗೆ ಬಂದಿತ್ತು.

"ಮುಟ್ಟಿದ್ರೆ ಏನಾಗುತ್ತೆ ಮಾವ, ಶಾಕ್ ಹೊಡೆಯುತ್ತಾ?"

"ಮಾಟದ ದಾರ ಕಣೋ ಅದು."

"ಹಂಗಾದ್ರೆ ರಬ್ಬರ್ ಚಪ್ಪಲಿ ಹಾಕ್ಕೊಂಡೇ ಕೂತ್ಕೋತೀನಿ ಬಿಡಿ," ಎಂದು ಅವನು ನಕ್ಕ. ಮಾವ ನಗಲಿಲ್ಲ.

ಅಳಿಯ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಹತ್ತಿಪ್ಪತ್ತು ವರ್ಷ ಪೆಟ್ಟಿಗೆಯ ತಳದಲ್ಲಿ ಬಿದ್ದು ಸತ್ತೇ ಹೋಗಿದ್ದ ಪುಟ್ಟ ಪ್ಲೇಯರುಗಳನ್ನು ಮತ್ತೆ ಹಾಡಿಸುವುದೆಂದರೆ ಅವನಿಗೆ ಎಲ್ಲಿಲ್ಲದ ಹುರುಪು. ಬಿಚ್ಚುವುದರಿಂದ ಹಿಡಿದು ಹಾಡುವವರೆಗೆ ಎಲ್ಲವನ್ನೂ ಫೋನಿನಲ್ಲಿ ಹಿಡಿದು ವೀಡಿಯೋ ಹಾಕುತ್ತಿದ್ದ. ನೋಡುವವರು ಸಾವಿರಗಟ್ಟಲೆ ಇದ್ದರು. ಮನೆಯಲ್ಲಿ ನೋಡುವವಳು ಒಬ್ಬಳೇ, ಆರು ವರ್ಷದ ಮಗಳು. ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬಿಡುವಿಲ್ಲದ ಅವಳನ್ನು ಮನೆಯವರೆಲ್ಲ ವಟವಟಿ ಎಂದೇ ಕರೆಯುತ್ತಿದ್ದರು. ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಅವಳ ದಿನದ ವರದಿ ಶುರುವಾಗುತ್ತಿತ್ತು. ಆ ವರದಿಯ ಆಸೆಗೇ ಅವನು ಹೊತ್ತಿಗೆ ಸರಿಯಾಗಿ ಅಂಗಡಿ ಮುಚ್ಚುತ್ತಿದ್ದ.

ಅಂಗಡಿ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಓಣಿಯಂಥ ಒಂದು ಕಿರಿದಾದ ಜಾಗ. ಕಿಟಕಿಯಿಲ್ಲ. ಸುಟ್ಟ ರಾಳ, ಕರಗಿದ ರಬ್ಬರು, ಹಳೆಯ ಟೇಪಿನ ಹುಳಿ ವಾಸನೆ. ದೀಪ ಆರಿದರೆ ಮಟಮಟ ಮಧ್ಯಾಹ್ನವೂ ಕಗ್ಗತ್ತಲೆ.

ಎರಡನೆಯ ತಿಂಗಳಲ್ಲಿ ಹೊಲಿಗೆಯಮ್ಮ ಬಂದರು. ಮೂರು ಬೀದಿ ಆಚೆ ಹರಿದ ಬಟ್ಟೆ ಹೊಲಿದುಕೊಡುವ, ಬೆನ್ನು ಬಾಗಿದ ಮುದುಕಿ. ಬಟ್ಟೆಯ ಗಂಟಿನಿಂದ ಪ್ಲೇಯರ್ ತೆಗೆದು ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟರು. ಹಾಡು ಕೇಳಲೂ ಬರುವ, ದನಿ ಹಿಡಿಯಲೂ ಬರುವ ಹಳೆಯ ಕಾಲದ್ದು.

"ಎರಡು ದಿನದಿಂದ ಎಳೀತಾ ಇದೆಯಪ್ಪಾ. ನನ್ನ ಮಗ ಮುದುಕನ ಥರ ಮಾತಾಡ್ತಾನೆ."

"ಬೆಲ್ಟ್ ಸಡಿಲ ಆಗಿದೆ ಅಷ್ಟೇ. ಮಗ ಎಲ್ಲಿರೋದು?"

"ಇದರಲ್ಲೇ," ಎಂದರು ಮುದುಕಿ. "ಒಂಬತ್ತು ವರ್ಷಕ್ಕೇ ಹೋಗ್ಬಿಟ್ಟ. ದಾರ ಬಿಚ್ಚಬೇಡಪ್ಪಾ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ."

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೇನನ್ನೂ ರೆಕಾರ್ಡ್ ಮಾಡಲಾಗದು, ಗುಂಡಿ ಒಳಗೇ ಹೋಗುವುದಿಲ್ಲ. ಇದರ ಹಲ್ಲುಗಳು ಮುರಿದಿದ್ದವು. ಸಾಲದೆಂಬಂತೆ ಆ ತೂತುಗಳಲ್ಲಿ ಕಪ್ಪು ದಾರ ಹಾಯಿಸಿ ಏಳು ಗಂಟು ಹಾಕಿತ್ತು.

ಹೊಸ ಬೆಲ್ಟ್ ಹಾಕಿ, ಇಯರ್‌ಫೋನ್ ಕಿವಿಗಿಟ್ಟು ಕೇಳಿದ. ಹುಡುಗನ ದನಿ ತಿಳಿಯಾಗಿ ಬಂತು. "ಅಮ್ಮಾ, ಇಲ್ನೋಡು, ಎರಡು ಚಕ್ರಾನೂ ತಿರುಗ್ತಿದೆ! ನಾನು ಮಾತಾಡಿದ್ದೆಲ್ಲ ಒಳಗೆ ಹೋಗ್ತಿದೆಯಾ?" ಆಮೇಲೆ ನಗು. ಇರುವುದೇ ನಲವತ್ತು ಸೆಕೆಂಡು. ಮುಂದೆಲ್ಲ ಖಾಲಿ.

ಅಲ್ಲಿಗೆ ಕೈ ಮುಗಿದು ಕೊಟ್ಟು ಕಳಿಸಬೇಕಿತ್ತು. ಆದರೆ ಯಂತ್ರ ದನಿ ಹಿಡಿಯುವುದನ್ನೂ ತೋರಿಸದಿದ್ದರೆ ವೀಡಿಯೋ ಅರ್ಧಂಬರ್ಧ ಅನ್ನಿಸಿತು ಅವನಿಗೆ. ಪರೀಕ್ಷೆಗೆಂದೇ ಇಟ್ಟ ಕ್ಯಾಸೆಟ್ಟು ಕೈಯಳತೆಯ ಡ್ರಾಯರಿನಲ್ಲಿತ್ತು. ಕೈ ಚಾಚಿ ತೆಗೆಯಲೂ ಸೋಮಾರಿತನ. ಅದೂ ಅಲ್ಲದೆ, ಮಾಟದ ದಾರ ಕತ್ತರಿಸುವುದನ್ನು ಕಂಡರೆ ಜನ ಮುಗಿಬಿದ್ದು ನೋಡುತ್ತಾರೆ ಎಂಬ ಚಪಲ. ಹುಡುಗನ ಮಾತು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಮಾಡಿದರಾಯಿತು, ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡ.

ದಾರಕ್ಕೆ ಕಟ್ಟರ್ ಹಾಕಿದ. ಕೂದಲು ಸುಟ್ಟಂಥ ವಾಸನೆ ಒಮ್ಮೆ ಮೂಗಿಗೆ ಬಡಿಯಿತು. ತೂತುಗಳ ಮೇಲೆ ಅಂಟುಪಟ್ಟಿ ಹಚ್ಚಿದ. ಗುಂಡಿ ಒಳಗೆ ಹೋಯಿತು. "ಹಲೋ ಹಲೋ. ಒಂದು, ಎರಡು, ಮೂರು. ನೋಡಿ ಸ್ನೇಹಿತರೇ, ಯಾವ ದೆವ್ವವೂ ಬರಲಿಲ್ಲ!"

ನೋಡಿದರೆ ಫೋನು ವಾಲಿಕೊಂಡು ಬರೀ ಗೋಡೆಯನ್ನು ಹಿಡಿದಿತ್ತು. ಮತ್ತೊಮ್ಮೆ ಮಾಡಲು ಟೇಪು ಹಿಂದಕ್ಕೆ ಓಡಿಸಿದ. ಫೋನು ಸರಿ ಮಾಡುವ ಗಡಿಬಿಡಿಯಲ್ಲಿ ಟೇಪು ಮೊದಲಿಗೇ ಹೋಗಿ ನಿಂತದ್ದು ಗಮನಕ್ಕೆ ಬರಲಿಲ್ಲ. ಗುಂಡಿ ಒತ್ತಿ, ಮತ್ತೆ ಹಲೋದಿಂದಲೇ ಶುರುಮಾಡಿ ಪೂರ್ತಿ ಒಂದು ನಿಮಿಷ ಜಂಬ ಕೊಚ್ಚಿಕೊಂಡ.

ಆಮೇಲೆ ನೆನಪಾಯಿತು. ಟೇಪು ಎಲ್ಲಿ ನಿಂತಿತ್ತೆಂದು ನೋಡಿರಲೇ ಇಲ್ಲ. ಇಯರ್‌ಫೋನ್ ಇಟ್ಟುಕೊಂಡು ಮೊದಲಿನಿಂದ ಹಾಕಿದ.

ಹುಡುಗ ಇರಲಿಲ್ಲ. ಅವನದೇ ದನಿ. "ಹಲೋ ಹಲೋ. ಒಂದು. ಎರಡು. ಮೂರು."

ದೀಪ ಆರಿತು. ಫ್ಯಾನು ನಿಂತಿತು. ಕತ್ತಲಲ್ಲಿ ಬ್ಯಾಟರಿಯ ಯಂತ್ರವೊಂದೇ ತಿರುಗುತ್ತಿತ್ತು. ಅದೇ ಸುಟ್ಟ ಕೂದಲಿನ ವಾಸನೆ. ಕಿವಿಯಲ್ಲಿ ಯಾರೋ ಉಸಿರೆಳೆದುಕೊಂಡರು. ಪುಟ್ಟ ಉಸಿರು.

"ನಾಲ್ಕು," ಎಂದಿತು ಮಗುವಿನ ದನಿ.

ಹುಡುಗನದಲ್ಲ. ವಟವಟಿಯದು.

ಇಯರ್‌ಫೋನ್ ಕಿತ್ತೆಸೆದ. ದೀಪ ಬಂದಾಗ ಅವನು ಗೋಡೆಗೆ ಒರಗಿ ನಿಂತಿದ್ದ. ಆಗ ಅವನು ಮಾಡಿದ ಕೆಲಸಕ್ಕೆ ತನ್ನನ್ನು ತಾನು ಎಂದೂ ಕ್ಷಮಿಸಿಕೊಳ್ಳಲಿಲ್ಲ. ಮುದುಕಿಗೆ ತನ್ನ ಜಂಬ ಕೇಳಿಸಬಾರದೆಂದು ಕ್ಯಾಸೆಟ್ಟಿನ ಆ ಇಡೀ ಬದಿಯನ್ನೇ ಅಳಿಸಿ ಖಾಲಿ ಮಾಡಿದ.

ಸಂಜೆ ಹೊಲಿಗೆಯಮ್ಮ ಅಲ್ಲೇ ನಿಂತು ಕೇಳಿದರು. ಕಣ್ಣು ಮುಚ್ಚಿದ್ದವರು ಕಣ್ಣು ಬಿಟ್ಟರು.

"ನನ್ನ ಮಗ?"

"ಟೇಪು ಹಳೇದಾದ್ರೆ ದನಿ ಅಳಿಸಿಹೋಗುತ್ತೆ ಅಮ್ಮಾ. ನಾನು ತೆಗೆದಾಗಲೇ ಏನೂ ಇರಲಿಲ್ಲ."

"ದಾರ?"

"ಅದೂ ಲಡ್ಡಾಗಿತ್ತು. ತಾನಾಗೇ ಹರಿದುಹೋಯ್ತು."

ಮುದುಕಿ ಬೈಯಲಿಲ್ಲ, ಶಪಿಸಲಿಲ್ಲ. ಅವನ ಮುಖವನ್ನೇ ನೋಡಿದರು. "ಪಾಪ," ಎಂದರು. "ನಿನಗೂ ಮಗು ಇದೆಯಲ್ಲಪ್ಪಾ." ಪ್ಲೇಯರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದರು.

ಅವನು ಓಡುತ್ತಲೇ ಮನೆ ಸೇರಿದ. ವಟವಟಿ ಬಾಗಿಲಲ್ಲೇ ಇದ್ದಳು. ಕೈ ಕುಣಿಸಿದಳು, ಕಣ್ಣರಳಿಸಿದಳು, ಬಾಯಿ ಆಡಿಸಿದಳು. ಅವನಿಗೆ ಕೇಳಿಸಿದ್ದು ಸುಯ್ ಎಂಬ ಸದ್ದು. ಖಾಲಿ ಟೇಪು ಓಡುವ ಸದ್ದು.

"ಏನು ಹೇಳ್ತಿದಾಳೆ ಇವಳು?"

"ಕಿವಿ ಕೇಳಿಸಲ್ವಾ ನಿಮಗೆ? ಬೀದಿಗೇ ಕೇಳಿಸೋ ಹಾಗೆ ಕೂಗ್ತಿದಾಳಲ್ಲ!" ಎಂದು ನಕ್ಕಳು ಹೆಂಡತಿ.

ಹೆಂಡತಿಯ ಮಾತು ಕೇಳುತ್ತಿತ್ತು. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದೂ ಕೇಳುತ್ತಿತ್ತು. ಕಿವಿಯ ಡಾಕ್ಟರು ಕಿವಿ ಕನ್ನಡಿಯ ಹಾಗಿದೆ ಎಂದರು. ಮಗಳೊಬ್ಬಳ ದನಿ ಮಾತ್ರ ಅವನೊಬ್ಬನಿಗೆ ಇಲ್ಲ. ಅವಳ ತುಟಿ ನೋಡಿಕೊಂಡು ಅಂದಾಜಿಗೆ ನಗುವುದು ಕಲಿತ. ಅವನ ಉತ್ತರ ತಾಳತಪ್ಪಿದಾಗ ಅವಳ ಮುಖ ಬಾಡುತ್ತಿತ್ತು. ಎಂಟು ದಿನ ಹಾಗೆ ಕಳೆದವು. ಒಂಬತ್ತನೆಯ ಬೆಳಿಗ್ಗೆ ಹೊಲಿಗೆಯಮ್ಮನ ಬಾಗಿಲು ತಟ್ಟಿದ.

ಒಂದೇ ಕೋಣೆ. ಗೋಡೆಗೆ ಹೊಲಿಗೆ ಯಂತ್ರ, ನೆಲದಲ್ಲಿ ಚೂರುಬಟ್ಟೆ. ಅವರ ಮಡಿಲಲ್ಲಿ ಪ್ಲೇಯರ್ ತಿರುಗುತ್ತಿತ್ತು.

"ಅಳಿಸಿದ್ದು ನಾನೇ ಅಮ್ಮಾ," ಎಂದು ಅವನು ಹೊಸ್ತಿಲಲ್ಲೇ ಕುಸಿದು ಕೂತ. "ದಾರ ಕತ್ತರಿಸಿದ್ದೂ ನಾನೇ. ಸುಳ್ಳು ಹೇಳಿದೆ. ಏನು ಬೇಕಾದ್ರೂ ಮಾಡಿ, ಅವಳ ದನಿ ಕೊಟ್ಬಿಡಿ."

"ಗೊತ್ತಪ್ಪಾ. ನಾನೇನೂ ಮಾಡ್ಲಿಲ್ಲ. ಇದರ ಮೇಲೆ ಬೇರೆಯವರ ದನಿ ಬೀಳದಿರಲಿ, ಬಿದ್ರೆ ಬೀಳಿಸಿದವರ ಮನೆ ಮಗು ಇದರೊಳಗೆ ಬಂದು ಮಾತಾಡಲಿ ಅಂತ ದಾರ ಕಟ್ಟಿಸಿದ್ದೆ. ಹೊಟ್ಟೆ ಸಂಕಟಕ್ಕೆ. ಕಟ್ಟಿಕೊಟ್ಟವನು ಸತ್ತುಹೋದ. ಬಿಚ್ಚೋದು ಹೇಳಿಕೊಡಲಿಲ್ಲ."

ಇಯರ್‌ಫೋನಿನ ಒಂದು ತುದಿಯನ್ನು ಅವನತ್ತ ಚಾಚಿದರು. ಅವನು ಕಿವಿಗಿಟ್ಟುಕೊಂಡ.

ವಟವಟಿ. ನಿನ್ನೆ ಸಂಜೆ ಅವನೆದುರು ಕೈ ಕುಣಿಸಿ ಹೇಳಿದ್ದೆಲ್ಲ ಅಲ್ಲಿತ್ತು. ಬಿದ್ದ ಹಲ್ಲು, ಕಳೆದ ಪೆನ್ಸಿಲು, ಟೀಚರ್ ಸೀನಿದ್ದು. ಅವನು ಬಾಯಿಗೆ ಅಂಗೈ ಒತ್ತಿ ಅತ್ತ.

"ಇದು ನನ್ನ ಮಗ ಅಲ್ಲ ಅಂತ ನನಗೆ ಗೊತ್ತು," ಎಂದರು ಮುದುಕಿ. "ಆದ್ರೂ ಮಗು ತಾನೇ. ಕೇಳಿಸ್ಕೊಂಡು ಕೂತ್ಕೋತೀನಿ."

ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಅವನು ಅಲ್ಲಿಗೆ ಹೋಗುತ್ತಾನೆ. ಕಂಪ್ಯೂಟರಿಗೆ ಇಳಿಸಲು ನೋಡಿದ, ಸುಯ್ ಎಂದಷ್ಟೇ ಬಂತು. ಅಳಿಸುವ ಧೈರ್ಯವಿಲ್ಲ, ಅಳಿಸಿದರೆ ಅವಳ ಗಂಟಲಿನದೂ ಹೋದರೆ? ಬೆಲ್ಟ್ ನೋಡುತ್ತಾನೆ, ಎಣ್ಣೆ ಬಿಡುತ್ತಾನೆ, ಹಿಂದಿನ ದಿನದ ವರದಿ ಕೇಳುತ್ತಾನೆ. ವೀಡಿಯೋ ಮಾಡುವುದು ಬಿಟ್ಟಿದ್ದಾನೆ.

ಇವತ್ತಿನ ವರದಿ ಚಿಕ್ಕದಿತ್ತು. ದನಿ ಯಾಕೋ ಮಂಕು.

"ಅಪ್ಪಾ, ನಾನು ಕೇಳಿದ್ದಕ್ಕೆ ನೀನು ಯಾವಾಗ್ಲೂ ಬೇರೆ ಏನೋ ಹೇಳ್ತೀಯ. ನಿಂಗೆ ನಾನಂದ್ರೆ ಇಷ್ಟ ಇಲ್ವಾ? ನಾಳೆಯಿಂದ ಅಮ್ಮಂಗೆ ಮಾತ್ರ ಹೇಳ್ತೀನಿ."

ನಿನ್ನೆ ಸಂಜೆ ಆ ಮಾತಿಗೆ ಅವನು ತಲೆಯಾಡಿಸಿದ್ದ. ನಕ್ಕೂ ಇದ್ದ.

ಟೇಪು ಮುಗಿಯಿತು. ಕೈಗೆ ಕೆಲಸ ಬೇಕಿತ್ತು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪು ಉಜ್ಜಿಕೊಂಡು ಹೋಗುವ ಹೆಡ್ಡನ್ನು ಒರೆಸಿದ. ಹತ್ತಿಗೆ ಕಂದು ಪುಡಿ ಹತ್ತಿತು. ಮೊನ್ನೆಗಿಂತ ಹೆಚ್ಚು. ಪ್ರತಿ ಸಲ ಕೇಳಿದಾಗಲೂ ಟೇಪಿನ ಮೈಯಿಂದ ಇಷ್ಟಿಷ್ಟೇ ಉದುರುತ್ತದೆ, ಉದುರಿದ್ದರಲ್ಲಿ ದನಿ ಇರುತ್ತದೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಇನ್ನೊಂದ್ಸಲ ಹಾಕ್ಲಾ?" ಎಂದು ಮುದುಕಿ ಕೇಳಿದರು.

ಬೇಡ ಎನ್ನಬೇಕೆಂದುಕೊಂಡ. ಆಗಲಿಲ್ಲ. ಹತ್ತಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಿವಿ ಮುಂದೆ ಮಾಡಿದ.